ಅಳಿವೆ ಬಾಗಿಲಿನ ಊರು

ಮಂಗಳೂರಿನ ಬಂದರು ನೋಡಬೇಕೆಂದು ಕೇಳುವ ನೆಂಟರನ್ನು ನಾನು ಪಣಂಬೂರಿಗೆ ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ಹೊರಗಿನವರಿಗೆ ಕಾಣಸಿಗುವುದು ಕಾಂಪೌಂಡಿನ ಗೋಡೆ, ಗೋಡೆಯಾಚೆಗಿನ ಕ್ರೇನುಗಳ ತಲೆ ಮತ್ತು ಸಾಲುಗಟ್ಟಿ ನಿಂತ ಟ್ಯಾಂಕರುಗಳು ಮಾತ್ರ. ಅದರ ಬದಲು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿಸಿ, ಒಣಮೆಣಸು, ಕೊಬ್ಬರಿ, ಒಣಮೀನುಗಳ ವಾಸನೆ ಒಂದರ ಮೇಲೊಂದು ಕವಿಯುವ ಹಳೆಯ ಬಂದರಿನ ಓಣಿಗಳಲ್ಲಿ ನಡೆಸಿಕೊಂಡು ಹೋಗಿ, ದೋಣಿಗಳು ತಂಗುವ ದಕ್ಕೆಯ ಕಟ್ಟೆಯ ಮೇಲೆ ನಿಲ್ಲಿಸುತ್ತೇನೆ. ಎದುರಿಗೆ ಹೊಳೆ, ಹೊಳೆಯಾಚೆ ಬೆಂಗ್ರೆಯ ತೆಂಗಿನ ಸಾಲು, ಆ ಸಾಲಿನ ಬೆನ್ನಿಗೆ ಕಡಲು. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಸಮುದ್ರ ಎಲ್ಲಿ?" ಈ ಊರಿನ ಕಥೆಯನ್ನು ಆ ಪ್ರಶ್ನೆಯಿಂದಲೇ ಆರಂಭಿಸಬೇಕೆಂದು ನನಗೆ ಅನ್ನಿಸುತ್ತದೆ.

ಮಂಗಳೂರಿನ ಹಳೆಯ ಬಂದರು ಸಮುದ್ರದ ಮೇಲಿಲ್ಲ, ಹೊಳೆಯ ಒಳಗಿದೆ. ಪೂರ್ವದಿಂದ ಬರುವ ನೇತ್ರಾವತಿಯೂ ಉತ್ತರದಿಂದ ಕಡಲಿಗೆ ಸಮಾನಾಂತರವಾಗಿ ಇಳಿದು ಬರುವ ಗುರುಪುರ ಹೊಳೆಯೂ ಊರಿನ ನೈರುತ್ಯದ ಅಂಚಿನಲ್ಲಿ ಕೂಡಿಕೊಂಡು, ಬೆಂಗ್ರೆ ಮತ್ತು ಉಳ್ಳಾಲದ ಮರಳ ನಾಲಗೆಗಳ ನಡುವಿನ ಅಳಿವೆ ಬಾಗಿಲಿನಿಂದ ಕಡಲಿಗೆ ಸೇರುತ್ತವೆ. ಈ ಅಳಿವೆ ಎಂದೂ ಸ್ಥಿರವಾಗಿ ನಿಂತದ್ದಲ್ಲ. ಪ್ರತಿ ಮಳೆಗಾಲದಲ್ಲಿ ಘಟ್ಟದಿಂದ ಕೊಚ್ಚಿಕೊಂಡು ಬರುವ ಮರಳು ಒಂದು ಕಡೆ ತುಂಬಿ, ಇನ್ನೊಂದು ಕಡೆ ಕೊರೆದು, ದೋಣಿಗಳ ದಾರಿಯನ್ನೇ ಬದಲಿಸಿಬಿಡುತ್ತಿತ್ತು. ಆದ್ದರಿಂದ ದೊಡ್ಡ ಹಡಗುಗಳು ಒಳಗೆ ಬರುತ್ತಿರಲಿಲ್ಲ; ಅವು ಹೊರಗಡಲಿನಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕನ್ನು ಪಡಾವುಗಳೆಂಬ ಸರಕುದೋಣಿಗಳಲ್ಲಿ ತುಂಬಿಕೊಂಡು ಅಳಿವೆಯ ಅಬ್ಬರವನ್ನು ದಾಟಿಸಿ ಸಾಗಿಸಬೇಕಾಗುತ್ತಿತ್ತು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಅದೂ ಇಲ್ಲ. ವರ್ಷದ ನಾಲ್ಕು ತಿಂಗಳು ಬಂದರು ಬಾಗಿಲು ಹಾಕಿಕೊಳ್ಳುತ್ತಿತ್ತು. ಬಂದವನು ಗಾಳಿ ತಿರುಗುವವರೆಗೆ ಇಲ್ಲೇ ಕಾಯಬೇಕು. ಕಾಯಬೇಕೆಂದರೆ ಒಂದು ಮನೆ ಬೇಕು, ಅಕ್ಕಿ ಬೇಕು, ಸಾಲ ಕೊಡುವವರು ಬೇಕು, ಮಾತನಾಡಲು ಒಂದು ಭಾಷೆ ಬೇಕು. ಮಂಗಳೂರಿನ ಸ್ವಭಾವ ರೂಪುಗೊಂಡದ್ದು ಈ ಕಾಯುವಿಕೆಯಲ್ಲಿ ಎಂಬುದು ನನ್ನ ಬಹುಕಾಲದ ನಂಬಿಕೆ.

ಈ ಊರಿಗೆ ಒಂದೇ ಹೆಸರು ಇಲ್ಲದಿರುವುದು ಅದರ ಮೊದಲ ಗುರುತು. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ, ಕನ್ನಡದ ಕಾಗದಪತ್ರಗಳಲ್ಲಿ ಮಂಗಳೂರು. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನ ಕಾಗುಣಿತವನ್ನು ತಿದ್ದಿತಾದರೂ ಮನೆಯೊಳಗಿನ ಹೆಸರುಗಳನ್ನು ಯಾರೂ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಆರನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಕಾಸ್ಮಾಸ್ ಎಂಬಾತ ಕರಿಮೆಣಸು ರಫ್ತಾಗುವ ಪಶ್ಚಿಮ ಕರಾವಳಿಯ ಐದು ಪೇಟೆಗಳನ್ನು ಹೆಸರಿಸುವಾಗ ಅವುಗಳಲ್ಲೊಂದನ್ನು ಮಂಗರೂತ್ ಎಂದು ಕರೆದಿದ್ದಾನೆ. ಹೊರಗಿನವರು ನಮ್ಮನ್ನು ಮೊದಲು ತಿಳಿದದ್ದು ಮೆಣಸಿನ ಮೂಲಕ.

ಮಧ್ಯಯುಗದ ಮಂಗಳೂರಿನ ಬಗ್ಗೆ ಓದುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಯಾವ ಅರಸನ ಶಾಸನವೂ ಅಲ್ಲ, ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಉಗ್ರಾಣದಲ್ಲಿ ದೊರೆತ ಹರಕು ಕಾಗದಗಳು. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಎಸೆಯಬಾರದು ಎಂಬ ಶ್ರದ್ಧೆಯಿಂದ ಆ ಸಮುದಾಯದವರು ಹಳೆಯ ಪತ್ರ, ಲೆಕ್ಕ, ಕರಾರುಗಳನ್ನೆಲ್ಲ ಒಂದು ಕೋಣೆಗೆ ಹಾಕುತ್ತ ಬಂದರು. ಶತಮಾನಗಳ ಅನಂತರ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅವು ವಿದ್ವಾಂಸರ ಕೈಗೆ ಬಂದವು. ಅವುಗಳಲ್ಲಿ ಅಬ್ರಹಾಂ ಬಿನ್ ಯಿಜು ಎಂಬ ವರ್ತಕನ ಪತ್ರಗಳಿವೆ. ಆತ ಟ್ಯುನೀಷಿಯಾದಿಂದ ಹೊರಟು, ಆಡೆನ್ ಬಂದರಿನ ಮೂಲಕ ಮಲಬಾರ್ ತೀರಕ್ಕೆ ಬಂದು, ಹನ್ನೆರಡನೆಯ ಶತಮಾನದಲ್ಲಿ ಹದಿನೇಳು ವರ್ಷಗಳಷ್ಟು ಕಾಲ ಬಹುಮಟ್ಟಿಗೆ ಮಂಗಳೂರಿನಲ್ಲಿಯೇ ನೆಲೆಸಿದವನು. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದ. ಆಡೆನ್ನಿನಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಜೊತೆಗೆ ಒಡೆದ ತಾಮ್ರ, ಹಿತ್ತಾಳೆಯ ಪಾತ್ರೆಗಳೂ ಬರುತ್ತಿದ್ದವು, ಏಕೆಂದರೆ ಅವನು ಇಲ್ಲಿ ಕಂಚಿನ ಕೆಲಸದ ಒಂದು ಕಮ್ಮಟ ನಡೆಸುತ್ತಿದ್ದ, ಹಳೆಯ ಪಾತ್ರೆಗಳನ್ನು ಇಲ್ಲಿನ ಕುಶಲಿಗರಿಂದ ಕರಗಿಸಿ ಹೊಸದಾಗಿ ಮಾಡಿಸಿ ಹಿಂದಕ್ಕೆ ಕಳುಹಿಸುತ್ತಿದ್ದ.

1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಅವನು ಬರೆಸಿದ ಒಂದು ಪತ್ರ ಉಳಿದಿದೆ. ಆಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವದು. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅವನ ಬಳಿ ಆಳಾಗಿದ್ದ ಇನ್ನೊಬ್ಬನ ಹೆಸರನ್ನು ಬೊಮ್ಮ ಎಂದು ಓದಿದವರಿದ್ದಾರೆ. ಒಡೆಯನ ಸರಕನ್ನು ಹೊತ್ತು ಆಡೆನ್ನಿಗೆ ಹೋಗಿ ವ್ಯಾಪಾರ ಮಾಡಿಕೊಂಡು ಬರುತ್ತಿದ್ದ ಈತನಿಗೆ ಆಡೆನ್ನಿನ ಹಿರಿಯ ವರ್ತಕರೂ ಪತ್ರದ ಕೊನೆಯಲ್ಲಿ ವಂದನೆ ತಿಳಿಸುತ್ತಾರೆ. ಎಂಟುನೂರು ಚಿಲ್ಲರೆ ವರ್ಷಗಳ ಹಿಂದೆ ನಮ್ಮ ಅಳಿವೆಯನ್ನು ದಾಟಿ ಹೋದ ಒಬ್ಬ ಸಾಮಾನ್ಯನ ಹೆಸರು ನಮಗೆ ತಿಳಿದಿರುವುದು ದೂರದ ಊರಿನವರು ಕಾಗದ ಎಸೆಯದೆ ಉಳಿಸಿದ್ದರಿಂದ. ಈ ಮಾತಿಗೆ ಮತ್ತೆ ಬರುತ್ತೇನೆ.

ಬಿನ್ ಯಿಜು ಇಲ್ಲಿಗೆ ಬರುವುದಕ್ಕೂ ಮೊದಲೇ ಕದ್ರಿಯ ದೇವಾಲಯದಲ್ಲಿ ಮೂರು ಮುಖ, ಆರು ತೋಳುಗಳ ಲೋಕೇಶ್ವರನ ಕಂಚಿನ ವಿಗ್ರಹವಿತ್ತು. ಆಳುಪ ಅರಸ ಕುಂದವರ್ಮ ಅದನ್ನು 968ರಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಅಂತಹ ವಿಗ್ರಹವನ್ನು ಎರಕ ಹೊಯ್ಯಬಲ್ಲ ಕೈಗಳಿದ್ದ ಸೀಮೆಯಲ್ಲಿ ಒಬ್ಬ ಪರದೇಶದ ವರ್ತಕ ಕಂಚಿನ ಕಮ್ಮಟ ತೆರೆದದ್ದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ. ಕದ್ರಿಗೆ ಹೋದಾಗಲೆಲ್ಲ ಆ ವಿಗ್ರಹದ ಎದುರು ನಿಂತು ನಾನು ಅರಸನಿಗಿಂತ ಹೆಚ್ಚಾಗಿ ಎರಕ ಹೊಯ್ದವರನ್ನು ನೆನೆಯುತ್ತೇನೆ.

ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಈ ಊರನ್ನು ಮಂಜರೂರ್ ಎಂದು ಕರೆದು, ಪರ್ಷಿಯಾದ ಫಾರ್ಸ್ ಮತ್ತು ಯೆಮನಿನ ವರ್ತಕರು ಇಲ್ಲಿ ಇಳಿಯುತ್ತಾರೆಂದೂ ಮೆಣಸು, ಶುಂಠಿ ಹೇರಳವಾಗಿವೆಯೆಂದೂ ಬರೆದ. ಊರ ಪಕ್ಕದ ಕೇರಿಯಲ್ಲಿ ಸುಮಾರು 4000 ಮುಸ್ಲಿಮರು ವಾಸವಾಗಿದ್ದಾರೆ ಎಂದೂ, ಅವರಿಗೂ ಊರವರಿಗೂ ಆಗಾಗ ಕಾದಾಟ ನಡೆಯುತ್ತದೆ ಎಂದೂ, ಅರಸನಿಗೆ ವರ್ತಕರು ಬೇಕಾದ್ದರಿಂದ ಅವನು ನಡುವೆ ನಿಂತು ಸಂಧಿ ಮಾಡಿಸುತ್ತಾನೆ ಎಂದೂ ಅವನು ಹೇಳುತ್ತಾನೆ. ಈ ಕೊನೆಯ ವಾಕ್ಯವನ್ನು ನಾನು ಹಲವು ಸಲ ಓದಿದ್ದೇನೆ. ಹಿಂದೆ ಇಲ್ಲಿ ಎಲ್ಲರೂ ಜಗಳವೇ ಇಲ್ಲದೆ ಬಾಳುತ್ತಿದ್ದರು ಎಂದು ವೇದಿಕೆಗಳಲ್ಲಿ ಹೇಳುವವರಿಗೂ, ಇಲ್ಲಿ ಕೂಡಿ ಬಾಳುವುದು ಎಂದೂ ಸಾಧ್ಯವಿರಲಿಲ್ಲ ಎಂದು ಸಾಧಿಸುವವರಿಗೂ ಅದರಲ್ಲಿ ಉತ್ತರವಿದೆ. ಜಗಳವಿತ್ತು. ಜಗಳವನ್ನು ಮುಗಿಸಲೇಬೇಕಾದ ಕಾರಣವೂ ಇತ್ತು, ಮುಗಿಸುವುದು ತನ್ನ ಕರ್ತವ್ಯವೆಂದು ತಿಳಿದ ಆಡಳಿತವೂ ಇತ್ತು. ಕಳೆದ ಕೆಲವು ದಶಕಗಳಲ್ಲಿ ಈ ಊರಿನ ಹೆಸರು ಹೊರಗೆ ಕೇಳಿಬಂದದ್ದು ಎಷ್ಟೋ ಸಲ ಕೋಮು ದ್ವೇಷದ ಸುದ್ದಿಗಳಿಂದ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದರಷ್ಟು ನೋವು ಕೊಡುವ ಸಂಗತಿ ಬೇರೊಂದಿಲ್ಲ.

1443ರಲ್ಲಿ ಅಬ್ದುಲ್ ರಜಾಕ್ ಎಂಬ ರಾಯಭಾರಿ ಕಲ್ಲಿಕೋಟೆಯಿಂದ ಸಮುದ್ರ ಮಾರ್ಗವಾಗಿ ಮಂಗಳೂರಿಗೆ ಬಂದು, ಇಲ್ಲಿಂದ ನೆಲದ ದಾರಿ ಹಿಡಿದು ವಿಜಯನಗರಕ್ಕೆ ಹೋದ. ಬಂದರಿನ ಬೆನ್ನಿಗೆ ಒಂದು ಸಾಮ್ರಾಜ್ಯವೇ ಇತ್ತು. ಪೋರ್ಚುಗೀಸರ ಕಾಲದ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತು ನಡೆದಿದೆ, ಅದರಲ್ಲೂ ಉಳ್ಳಾಲದ ರಾಣಿ ಅಬ್ಬಕ್ಕನ ಬಗ್ಗೆ. 1623ರಲ್ಲಿ ಇಲ್ಲಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡು ಮಾತನಾಡಿಸಿ ಬರೆದಿದ್ದಾನೆ. ಆ ಕಾಲದ ಕುರಿತು ನಾನು ಸೇರಿಸಬಯಸುವುದು ಒಂದೇ ಮಾತು. ಕೋಟೆ, ಕಪ್ಪ, ಕದನಗಳ ಅಡಿಯಲ್ಲಿದ್ದದ್ದು ಅಕ್ಕಿ. ಕೆನರಾದ ಗದ್ದೆಗಳ ಅಕ್ಕಿ ಇಲ್ಲದಿದ್ದರೆ ಗೋವೆಯ ಪೋರ್ಚುಗೀಸರ ಒಲೆ ಉರಿಯುವುದು ಕಷ್ಟವಾಗಿತ್ತು. ಕರಾವಳಿಯ ಇತಿಹಾಸವನ್ನು ಕತ್ತಿಯಿಂದ ಅಳೆಯುವವರು ಒಮ್ಮೆ ಅಕ್ಕಿಮುಡಿಯಿಂದಲೂ ಅಳೆದು ನೋಡಬೇಕು.

1763ರಲ್ಲಿ ಹೈದರ್ ಅಲಿ ಈ ಬಂದರನ್ನು ಹಿಡಿದು ತನ್ನ ನೌಕಾಬಲದ ನೆಲೆ ಮಾಡಿಕೊಂಡ. ಬೋಳೂರಿನ ಹೊಳೆಬದಿಯಲ್ಲಿ ಈಗಲೂ ನಿಂತಿರುವ ಸುಲ್ತಾನ್ ಬತ್ತೇರಿ ಟಿಪ್ಪುವಿನ ಕಾಲದ್ದು. ಗುರುಪುರ ಹೊಳೆಯೊಳಗೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಕಟ್ಟಿಸಿದ್ದು. 1784ರ ಮಾರ್ಚ್ 11ರಂದು ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ಒಪ್ಪಂದಕ್ಕೆ ನಮ್ಮ ಊರಿನ ಹೆಸರೇ ಇದೆ. ಅದೇ ವರ್ಷದ ಫೆಬ್ರವರಿಯಲ್ಲಿ ಕೆನರಾದ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಲಾಯಿತು. ದಾರಿಯಲ್ಲಿ ಮತ್ತು ಸೆರೆಯಲ್ಲಿ ಸತ್ತವರು ಬಹಳ, ಉಳಿದವರು ಹಿಂದಿರುಗಿದ್ದು 1799ರ ಅನಂತರ. ಒಪ್ಪಂದವನ್ನು ಸಂಭ್ರಮದಿಂದ ನೆನೆದು ಸೆರೆಯನ್ನು ಮರೆಯುವುದಾಗಲಿ, ಸೆರೆಯನ್ನಷ್ಟೇ ನೆನೆದು ಇಂದಿನ ನೆರೆಯವನ ಮೇಲೆ ಅದರ ಹೊರೆ ಹೊರಿಸುವುದಾಗಲಿ ನನಗೆ ಒಪ್ಪಿಗೆಯಿಲ್ಲ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ದಂಗೆಯೆದ್ದು ಬಂದ ರೈತರು ಬಾವುಟಗುಡ್ಡೆಯ ಮೇಲೆ ತಮ್ಮ ಧ್ವಜ ಹಾರಿಸಿ, ಎರಡು ವಾರಗಳಷ್ಟು ಕಾಲ ಈ ಊರನ್ನು ಕಂಪನಿಯ ಕೈಯಿಂದ ಕಿತ್ತುಕೊಂಡಿದ್ದರು. ಜನರು ಆ ದಂಗೆಯನ್ನು ಅದರ ಮುಂದಾಳುವಿನ ಹೆಸರಿನಿಂದ ಕಲ್ಯಾಣಪ್ಪನ ಕಾಟಕಾಯಿ ಎಂದು ನೆನೆಯುತ್ತಾರೆ.

ಇದಕ್ಕೆ ಮೂರು ವರ್ಷ ಮೊದಲು, 1834ರಲ್ಲಿ, ಬಾಸೆಲ್ ಮಿಶನ್ನಿನ ಪಾದ್ರಿಗಳು ಇಲ್ಲಿ ಇಳಿದಿದ್ದರು. ಅವರು ಬಂದದ್ದು ಧರ್ಮಪ್ರಚಾರಕ್ಕೆ. ಅವರಿಂದ ಊರಿಗೆ ಉಳಿದದ್ದು ಅಚ್ಚಿನಮನೆ ಮತ್ತು ಹೆಂಚು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಊರಿನಲ್ಲಿಯೇ. ತುಳುವನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿದವರೂ ಅವರೇ. ಮನೆಮಾತು ಬೇರೆಯಾದ ಊರೊಂದು ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟದ್ದು ನನಗೆ ಅಭಿಮಾನದ ಸಂಗತಿ. ಇಲ್ಲಿ ಕನ್ನಡ ಎಲ್ಲರ ನಡುವಿನ ಜಗಲಿಯಾಗಿತ್ತು.

ಹೆಂಚಿನ ಮಾತು ಬಂದಾಗ ನನ್ನ ಅಜ್ಜನ ಮಾತು ತಾನಾಗಿ ಬರುತ್ತದೆ. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿಯ ಕೈಯಲ್ಲಿ ಮೊದಲ ಕಾರ್ಖಾನೆ ಆರಂಭವಾದ ಮೇಲೆ ಹೊಳೆಯುದ್ದಕ್ಕೂ ಸ್ಥಳೀಯರ ಕಾರ್ಖಾನೆಗಳು ಎದ್ದವು. ನನ್ನ ಅಜ್ಜ ಹೊಯ್ಗೆಬಜಾರಿನ ಕಡೆಯ ಅಂತಹ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೈಟರ್, ಎಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ, ಆಗಿದ್ದರು. ಕಾರ್ಖಾನೆಗಳು ಹೊಳೆಬದಿಯಲ್ಲೇ ಏಕೆ ನಿಂತವು ಎಂಬುದನ್ನು ಅವರು ನನಗೆ ಚಿಕ್ಕಂದಿನಲ್ಲಿ ಕೈಹಿಡಿದು ತೋರಿಸಿ ಹೇಳಿದ್ದರು. ಜೇಡಿಮಣ್ಣು ಮೇಲಿನ ಬಯಲುಗಳಿಂದ ದೋಣಿಯಲ್ಲಿ ಬರುತ್ತಿತ್ತು, ಗೂಡಿಗೆ ಬೇಕಾದ ಸೌದೆಯೂ ದೋಣಿಯಲ್ಲಿ ಬರುತ್ತಿತ್ತು, ಬೆಂದ ಹೆಂಚು ಅದೇ ಹೊಳೆಯಲ್ಲಿ ಇಳಿದು ಪಡಾವಿಗೆ ಏರಿ ಅಳಿವೆ ದಾಟುತ್ತಿತ್ತು. ಮುಳಿಹುಲ್ಲು, ಮಡಲಿನ ಮಾಡುಗಳ ಕೆಳಗೆ ಪ್ರತಿ ವರ್ಷ ಹೊದಿಕೆ ಬದಲಿಸುತ್ತ, ಬೆಂಕಿಗೆ ಹೆದರುತ್ತ ಬದುಕಿದ್ದ ಕರಾವಳಿಗೆ, ಒಂದರ ಅಂಚು ಇನ್ನೊಂದರ ತೋಡಿಗೆ ಕೂಡಿಕೊಂಡು ಮಳೆಯ ಹೊಡೆತಕ್ಕೆ ಜಗ್ಗದೆ ನಿಲ್ಲುವ ಈ ಹೆಂಚು ದೊಡ್ಡ ಆಸರೆಯಾಯಿತು. ಸಿಲೋನಿಗೂ ಪೂರ್ವ ಆಫ್ರಿಕಕ್ಕೂ ಅದು ಹೋಯಿತು. ಅಜ್ಜ ಕೆಲಸದಾಳುಗಳೊಡನೆ ತುಳು, ಧಣಿಗಳ ಮನೆಯವರೊಡನೆ ಕೊಂಕಣಿ, ಪಡಾವಿನವರೊಡನೆ ಬ್ಯಾರಿ ಮಾತನಾಡಿ, ದಿನದಿನದ ಲೆಕ್ಕದ ರೋಜುನಾಮೆಯನ್ನು ಕನ್ನಡದಲ್ಲಿ ಬರೆದು, ಹಡಗಿನ ಏಜೆಂಟರಿಗೆ ಇಂಗ್ಲಿಷಿನಲ್ಲಿ ಕಾಗದ ಹಾಕುತ್ತಿದ್ದರು. ಇದನ್ನು ಅವರು ವಿದ್ಯೆಯೆಂದು ಎಣಿಸಿದವರೇ ಅಲ್ಲ. ಬಂದರಿನಲ್ಲಿ ಒಂದೇ ಭಾಷೆ ತಿಳಿದವನಿಗೆ ಒಂದೇ ಗಿರಾಕಿ ಎಂದಷ್ಟೇ ಹೇಳುತ್ತಿದ್ದರು.

ಬಂದರಿನ ಈ ಕೊಡುಕೊಳ್ಳುವಿಕೆಯಲ್ಲಿ ಎಲ್ಲರಿಗೂ ಸಮಪಾಲಿತ್ತು ಎಂದು ನಾನು ಹೇಳಲಾರೆ. ಊರನ್ನು ಗುಡಿಸಿ ಹೊತ್ತವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲು ಕುದ್ಮುಲ್ ರಂಗರಾಯರಂಥವರು ಬರಬೇಕಾಯಿತು, ಅದಕ್ಕಾಗಿ ಅವರು ತಮ್ಮವರಿಂದಲೇ ದೂರವಾಗಬೇಕಾಯಿತು. ದೇವಾಲಯದೊಳಗೆ ಪ್ರವೇಶವಿಲ್ಲದ ಬಿಲ್ಲವರು 1912ರಲ್ಲಿ ನಾರಾಯಣ ಗುರುಗಳ ಕೈಯಿಂದ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿಸಿಕೊಂಡರು. ಕುದ್ರೋಳಿ ಇರುವುದು ಬಂದರಿನ ಮಗ್ಗುಲಲ್ಲೇ.

ಮಂಗಳೂರಿನ ಕಥೆಯಲ್ಲಿ ನಾವು ತೀರ ಕಡೆಗಣಿಸಿರುವ ಅಧ್ಯಾಯವೆಂದರೆ ಲಕ್ಷದ್ವೀಪದ್ದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಉತ್ತರದ ದ್ವೀಪಗಳು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಅಧೀನಕ್ಕೆ ಬಂದು, 1799ರ ಅನಂತರ ಕಂಪನಿಯ ಕೈಸೇರಿ, 1956ರವರೆಗೂ ಮಂಗಳೂರಿನಲ್ಲಿ ಕುಳಿತ ದಕ್ಷಿಣ ಕನ್ನಡದ ಕಲೆಕ್ಟರರ ಆಡಳಿತದಲ್ಲಿದ್ದವು. ದ್ವೀಪದವರು ತಾವು ಹೊಸೆದ ತೆಂಗಿನನಾರಿನ ಹುರಿಯನ್ನು ಇಲ್ಲಿಗೆ ತಂದು ಸರ್ಕಾರಕ್ಕೇ ಒಪ್ಪಿಸಬೇಕಾಗಿತ್ತು, ಬದಲಿಗೆ ಅಕ್ಕಿ ಪಡೆಯಬೇಕಾಗಿತ್ತು. ಹವಳದ ದಿಬ್ಬದ ಮೇಲೆ ಭತ್ತ ಬೆಳೆಯುವುದಿಲ್ಲ. ನಮ್ಮ ಅಳಿವೆ ತೆರೆದರೆ ಅವರ ಮನೆಯಲ್ಲಿ ಅನ್ನ. ಈಗಲೂ ದಕ್ಕೆಯಲ್ಲಿ ನಿಂತರೆ ಮಂಜಿಗಳೆಂಬ ಮರದ ಸರಕುನೌಕೆಗಳಿಗೆ ಜಲ್ಲಿ, ಸಿಮೆಂಟು, ಕೆಂಪುಕಲ್ಲು, ಅಕ್ಕಿ, ತರಕಾರಿ ತುಂಬುವುದನ್ನು ನೋಡಬಹುದು. ಅಲ್ಲಿ ಒಂದು ಮನೆ ಕಟ್ಟಬೇಕಾದರೂ ಕಲ್ಲು ಹೋಗಬೇಕಾದದ್ದು ಹೊರಗಿನಿಂದ. ನಮ್ಮ ಶಾಲೆಗಳಲ್ಲಿ ಈ ಸಂಬಂಧದ ಬಗ್ಗೆ ಒಂದು ಪಾಠವೂ ಇರಲಿಲ್ಲ ಎಂಬುದು ನನ್ನ ದೊಡ್ಡ ಕೊರಗು.

ಊರೂ ಬಂದರೂ ಬೇರೆಯಾದದ್ದು 1970ರ ದಶಕದಲ್ಲಿ. ಉತ್ತರಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದ ಪಣಂಬೂರಿನಲ್ಲಿ ನೆಲವನ್ನು ಅಗೆದು ನೀರು ತುಂಬಿಸಿ ಕಟ್ಟಿದ ನವಮಂಗಳೂರು ಬಂದರನ್ನು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಸಾರಲಾಯಿತು. ಮರುವರ್ಷದ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅಲ್ಲಿದ್ದ ಮನೆ, ಗದ್ದೆ, ಭೂತಸ್ಥಾನಗಳನ್ನು ಬಿಟ್ಟು ಎದ್ದವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಬ್ಲಾಕ್ ಸಂಖ್ಯೆಗಳ ವಿಳಾಸ ಪಡೆದರು. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಹರಿದು ಇಲ್ಲಿಗೆ ಬಂತು. ಇರಾನಿಗೆಂದು ಹೂಡಿದ ಆ ಯೋಜನೆ 1979ರ ಇರಾನಿನ ಕ್ರಾಂತಿಯಿಂದ ಗಿರಾಕಿಯನ್ನೇ ಕಳೆದುಕೊಂಡು, ಬೇರೆ ಗಿರಾಕಿಗಳನ್ನು ಹುಡುಕಿ, 2005ರ ಕೊನೆಯವರೆಗೆ ನಡೆದು, ಗಣಿ ಮುಚ್ಚುವುದರೊಂದಿಗೆ ನಿಂತಿತು. ಅದಿರಲ್ಲದೆ ರಸಗೊಬ್ಬರ, ಕಚ್ಚಾತೈಲ, ಅನಿಲಗಳೂ ಈ ಬಂದರಿನ ಸರಕಾದವು. ಹೊಸ ಬಂದರು ಬೇಕಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಸಾವಿರಾರು ಮನೆಗಳಿಗೆ ಅದು ಅನ್ನ ಕೊಟ್ಟಿದೆ. ಆದರೆ ಅಲ್ಲಿಗೆ ಬರುವ ಹಡಗಿನ ನಾವಿಕ ಊರಿಗೆ ಬಾರದೆ ಹೊರಟುಹೋಗುತ್ತಾನೆ, ಊರಿನ ಮಗು ಹಡಗನ್ನು ನೋಡದೆ ಬೆಳೆಯುತ್ತದೆ. ಕಾಯುವವರೇ ಇಲ್ಲದ ಬಂದರಿಗೆ ನೆರೆಹೊರೆ ಇರುವುದಿಲ್ಲ. ನಮ್ಮಲ್ಲಿ ಒಬ್ಬರ ಕೇರಿಗೆ ಇನ್ನೊಬ್ಬರು ಕಾಲಿಡುವುದು ಕಡಿಮೆಯಾದದ್ದಕ್ಕೆ ಬೇರೆ ಕಾರಣಗಳು ಬಹಳ ಇರಬಹುದು; ಒಬ್ಬರಿಗೊಬ್ಬರು ಬೇಕಾಗಿದ್ದ ಆ ದಿನನಿತ್ಯದ ವ್ಯವಹಾರ ಕಳಚಿಕೊಂಡದ್ದೂ ಅವುಗಳಲ್ಲಿ ಒಂದೆಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಹಳೆಯ ಬಂದರು ಇನ್ನೂ ಬದುಕಿದೆ. ಆಗಸ್ಟಿನಲ್ಲಿ ಟ್ರಾಲ್ ನಿಷೇಧ ಮುಗಿದು, ಮೊಗವೀರರು ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಹಾಲೆರೆದ ಮೇಲೆ, ಬೆಳಗಿನ ನಾಲ್ಕು ಗಂಟೆಯ ದಕ್ಕೆಯಲ್ಲಿ ಬಂಗುಡೆ, ಬೂತಾಯಿಗಳ ಹರಾಜು ಕೂಗುವ ದನಿಗಳಲ್ಲಿ ಅಜ್ಜನ ಎಲ್ಲ ಭಾಷೆಗಳೂ ಕೇಳುತ್ತವೆ. ಆದರೆ ಓಣಿಗಳ ಮುರಕಲ್ಲಿನ ಗೋದಾಮುಗಳು, ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ಉರುಳುತ್ತಿವೆ. ಹೊಳೆಬದಿಯನ್ನು ಅಂದಗೊಳಿಸುವ ಮಾತುಗಳಲ್ಲಿ ನಡಿಗೆಯ ದಾರಿ, ದೀಪ, ಆಸನಗಳಿವೆ. ಇಲ್ಲಿ ಏನು ನಡೆದಿತ್ತೆಂದು ಹೇಳುವ ಒಂದು ಕೋಣೆಯ ಮಾತು ನಾನು ಕೇಳಿಲ್ಲ. ಒಂದು ಹಳೆಯ ಗೋದಾಮನ್ನಾದರೂ ಕೆಡವದೆ ಉಳಿಸಿ, ಅದರಲ್ಲಿ ಒಂದು ಪಡಾವು, ಒಂದು ಹೆಂಚಿನ ಅಚ್ಚು, ಬಂದರಿನ ಕಡತಗಳು, ಇನ್ನೂ ನಮ್ಮೊಡನಿರುವ ದೋಣಿ ನಡೆಸಿದ ಹಿರಿಯ ತಂಡೇಲರ, ಹಮಾಲರ, ರೈಟರುಗಳ ಮಾತಿನ ಧ್ವನಿಮುದ್ರಣ ಇರಬೇಕೆಂದು ನಾನು ಕೇಳುತ್ತೇನೆ. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ.

ಅಜ್ಜ ತೀರಿಕೊಂಡ ಮೇಲೆ ಅವರ ರೋಜುನಾಮೆಯ ಪ್ರತಿಗಳು ನಮ್ಮ ಮನೆಯ ಅಟ್ಟದಲ್ಲಿ ಹಲವು ವರ್ಷ ಇದ್ದವು. ಮನೆಯ ಮಾಡು ಬದಲಿಸುವಾಗ ನಾವೇ ಅವನ್ನು ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟೆವು. ಯಾವ ಪಡಾವು ಎಂದು ಹೊರಟಿತು, ಯಾರು ಹೊತ್ತರು, ಎಷ್ಟು ಹೆಂಚು ಒಡೆಯಿತು ಎಂದು ಹೆಸರು ಹೆಸರಾಗಿ ಬರೆದಿದ್ದ ಪುಟಗಳು ಯಾವುದೋ ಅಂಗಡಿಯ ಪೊಟ್ಟಣಗಳಾಗಿ ಹೋದವು. ಬೊಮ್ಮ, ಆಶುಗಳ ಹೆಸರು ಕೈರೋದಲ್ಲಿ ಉಳಿದಿರುವಾಗ, ಜೆಪ್ಪು, ಹೊಯ್ಗೆಬಜಾರಿನ ನೂರಾರು ಹೆಸರುಗಳನ್ನು ನಾವು ಮಂಗಳೂರಿನಲ್ಲೇ ಕಳೆದೆವು. ಆದ್ದರಿಂದ ನನ್ನ ಕೋರಿಕೆ ಇಷ್ಟು: ಬಂದರು, ಬೋಳಾರ, ಜೆಪ್ಪು, ಬೆಂಗ್ರೆ, ಕುದ್ರೋಳಿ, ಉಳ್ಳಾಲದ ಕಡೆಯ ನಿಮ್ಮ ಮನೆಗಳ ಅಟ್ಟದಲ್ಲಿ, ಮರದ ಪೆಟ್ಟಿಗೆಯಲ್ಲಿ, ಅಂಗಡಿಯ ಮೇಲಿನ ಹಲಗೆಯಲ್ಲಿ ಹಳೆಯ ಲೆಕ್ಕದ ಪುಸ್ತಕ, ಹಡಗಿನ ರಸೀದಿ, ಮುಂಬಯಿ ಸ್ಟೀಮರಿನ ಟಿಕೆಟು, ಬಟವಾಡೆಯ ಪಟ್ಟಿ, ಯಾವುದೇ ಭಾಷೆಯ ಒಂದು ಕಾಗದ ಇದ್ದರೂ ಗುಜರಿಗೆ ಹಾಕುವ ಮೊದಲು ನನಗೆ ಒಂದು ಮಾತು ತಿಳಿಸಿ. ಮೂಲವನ್ನು ನಾನು ಕೇಳುವುದಿಲ್ಲ. ಬಂದು, ನಿಮ್ಮ ಜಗಲಿಯಲ್ಲೇ ಕುಳಿತು ಪುಟಪುಟವಾಗಿ ಫೋಟೊ ತೆಗೆದುಕೊಂಡು, ಅದರ ಒಂದು ಪ್ರತಿಯನ್ನು ನಿಮಗೂ ಕೊಟ್ಟು ಹೋಗುತ್ತೇನೆ.